ನಿಮಗಿದು ಗೊತ್ತೇ? ಸುಲ್ತಾನ್ ಬಜಾರಿನ ಬಳಿಯಿಂದ ಎರ್ರಗಡ್ಡಕ್ಕೆ ಒಂದೇ ರೈಲು

● ಹೈದರಾಬಾದಿನ ಸುಲ್ತಾನ್ ಬಜಾರಿಗೆ ಹಿಂದೆ ರೆಸಿಡೆನ್ಸಿ ಬಜಾರ್ ಎಂದೇ ಹೆಸರು. ಬ್ರಿಟಿಷ್ ರೆಸಿಡೆಂಟನ ಮಹಲಿನ ಮಗ್ಗುಲಲ್ಲಿ ಬೆಳೆದ ಪೇಟೆ ಇದು. 1933ರಲ್ಲಿ ನಿಜಾಮರ ಕೈಗೆ ಮರಳಿತು. ಆ ಮಹಲು ಮುಂದೆ ಕೋಠಿ ಮಹಿಳಾ ಕಾಲೇಜಾಯಿತು.

● ಈ ಪೇಟೆಯ ವ್ಯಾಪಾರಿಗಳು ವರ್ಷಗಟ್ಟಲೆ ಒಂದೇ ಚಿಂತೆಯಲ್ಲಿ ಕಳೆದರು: ಮೆಟ್ರೋ ಬಂದರೆ ಅಂಗಡಿ ಉಳಿದೀತೇ? ಪ್ರತಿಭಟನೆ ನಡೆಯಿತು, ಮಾರ್ಗ ಬದಲಿಸುವ ಭರವಸೆಯೂ ಸಿಕ್ಕಿತು. ಕೊನೆಗೆ 2020ರ ಫೆಬ್ರುವರಿ 7ರಂದು ಉದ್ಘಾಟನೆಯಾದ ಹಸಿರು ಮಾರ್ಗ ಇಲ್ಲಿಂದಲೇ ಹಾದುಹೋಯಿತು. ಅಂಗಡಿ ಹೋಗುತ್ತದೆಂದು ಹೆದರುವುದು ಕಾಯಿಲೆಯಲ್ಲ. ಕಣ್ಣೆದುರು ಕಾರಣವಿರುವ ಚಿಂತೆ ಸಾಮಾನ್ಯವಾಗಿ ಆ ಕಾರಣ ತೀರಿದಾಗ ತಾನೂ ತೀರುತ್ತದೆ. ಕಾಯಿಲೆಯಾದ ಆತಂಕ ಹಾಗಲ್ಲ. ಮಗಳ ಪರೀಕ್ಷೆ ಮುಗಿದರೆ ಅವಳ ಬಸ್ಸಿನ ಚಿಂತೆ, ಬಸ್ಸು ಬಂದರೆ ಮನೆ ಸಾಲದ ಚಿಂತೆ. ಮನಸ್ಸು ಖಾಲಿ ಕೂರಲು ಒಪ್ಪುವುದೇ ಇಲ್ಲ.

● ಹಾಗಾದರೆ ವೈದ್ಯರಿಗೆ ತೋರಿಸದೆ ಎಷ್ಟು ದಿನ ಕಾಯಬಹುದು? ‘ಸಾಮಾನ್ಯೀಕೃತ ಆತಂಕ ಕಾಯಿಲೆ’ ಎಂದು ಹೆಸರಿಡಲು ಅಮೆರಿಕದ ಮನೋವೈದ್ಯರ ಕೈಪಿಡಿ ಹಾಕಿರುವ ಗಡುವು ಆರು ತಿಂಗಳು: ಹೆಚ್ಚಿನ ದಿನಗಳಲ್ಲಿ, ಹತ್ತಾರು ವಿಷಯಗಳ ಬಗ್ಗೆ, ತಡೆದರೂ ನಿಲ್ಲದ ಚಿಂತೆ. ಆದರೆ ಆ ಗಡುವು ಕಾಯಿಲೆಗೆ ಹೆಸರಿಡಲಷ್ಟೇ. ನಿದ್ದೆ ಕೆಟ್ಟು, ಊಟ ಸೇರದೆ, ಕೆಲಸಕ್ಕೆ ಹೋಗಲು ಕಾಲೇಳದೆ ಎರಡು ವಾರ ಆಯಿತೆಂದರೆ ಕ್ಯಾಲೆಂಡರ್ ನೋಡುತ್ತ ಕೂರಬೇಕಿಲ್ಲ, ತೋರಿಸಿಕೊಳ್ಳಬಹುದು. ಬದುಕುವುದೇ ಬೇಡ ಎಂಬ ಯೋಚನೆ ಸುಳಿದರೆ ಎರಡು ದಿನವೂ ಕಾಯಬಾರದು.

● ಡಾಕ್ಟರರು ಬಳಸುವ ಜಿಎಡಿ-7 ಎಂಬ ಪ್ರಶ್ನಾವಳಿ ಬಂದಿದ್ದು 2006ರಲ್ಲಿ. ಕಳೆದ ಎರಡು ವಾರಗಳ ಬಗ್ಗೆ ಏಳೇ ಪ್ರಶ್ನೆ, ಒಟ್ಟು ಅಂಕ 21. ಹತ್ತು ಅಥವಾ ಹೆಚ್ಚು ಬಂದರೆ ‘ಒಮ್ಮೆ ಸರಿಯಾಗಿ ತಪಾಸಣೆ ಆಗಲಿ’ ಎಂದರ್ಥ, ಅಷ್ಟೇ. ಮೊಬೈಲಿನಲ್ಲಿ ತುಂಬಿ ತಾವೇ ತೀರ್ಪು ಕೊಟ್ಟುಕೊಳ್ಳುವವರಿಗೆ ಈ ಮಾತು.

● ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬರುವ ರೋಗಿ ‘ನನಗೆ ಆತಂಕ’ ಎಂದು ಹೇಳುವುದು ಅಪರೂಪ. “ಎದಿ ಡಬಡಬ ಅಂತದ್ರೀ, ಕೈಕಾಲಾಗ ಸತುವಿಲ್ಲ, ಗ್ಯಾಸ್ ಆಗ್ಯದ” ಎನ್ನುತ್ತಾರೆ. ಇಸಿಜಿ ಸರಿಯಿದೆ, ಎಕೋ ಸರಿಯಿದೆ, ಎಂಡೋಸ್ಕೋಪಿಯೂ ಸರಿಯಿದೆ. “ಏನೂ ಇಲ್ಲ, ಟೆನ್ಷನ್ ಮಾಡ್ಕೋಬ್ಯಾಡ” ಎಂದು ಕಳಿಸಿಬಿಡುತ್ತಾರೆ. ಏನೂ ಇಲ್ಲ ಎಂಬುದು ಹೃದಯದ ಮಟ್ಟಿಗೆ ನಿಜ, ಮನುಷ್ಯನ ಮಟ್ಟಿಗೆ ಸುಳ್ಳು. ಎಲ್ಲ ರಿಪೋರ್ಟೂ ಸರಿಯಿದ್ದು ನರಳಾಟ ಮಾತ್ರ ನಿಲ್ಲದಿದ್ದರೆ ಮುಂದಿನ ಚೀಟಿ ಮನೋವೈದ್ಯರದು. ಆದರೆ ಎದೆನೋವು ಮೊದಲ ಸಲ ಬಂದಾಗ ‘ಟೆನ್ಷನ್ ಇರಬೇಕು’ ಎಂದು ಮನೆಯಲ್ಲಿ ಕೂರುವಂತಿಲ್ಲ. ಮೊದಲು ಹೃದಯವನ್ನೇ ತೋರಿಸಬೇಕು.

● ಇದು ನಮ್ಮವರ ಕಥೆ ಮಾತ್ರವೂ ಅಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಎದೆನೋವು ಕಂಡೂ ಹೃದಯದಲ್ಲಿ ರೋಗ ಕಾಣದ್ದನ್ನು ಡಾ ಕೋಸ್ಟಾ ಎಂಬ ವೈದ್ಯ 1871ರಲ್ಲಿ ಬರೆದಿಟ್ಟ. ಅದೇ ವರ್ಷ ಬರ್ಲಿನ್ನಿನ ಮನೋವೈದ್ಯ ವೆಸ್ಟ್‌ಫಾಲ್, ಬಯಲು ಚೌಕ ದಾಟಲು ನಡುಗುವ ರೋಗಿಗಳನ್ನು ವರ್ಣಿಸಿದ.

● ಪ್ಯಾನಿಕ್ ಅಟ್ಯಾಕ್ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಹಾಳು ಮಾಡುವುದು ‘ಮತ್ತೆ ಬಂದರೆ?’ ಎಂಬ ಭಯ. ಹಬ್ಬದ ಮುಂಚೆ ಸುಲ್ತಾನ್ ಬಜಾರಿನ ಪಕ್ಕದ ಬಡೀ ಚೌಡಿಯ ನೂಕುನುಗ್ಗಲಲ್ಲಿ ಒಮ್ಮೆ ಉಸಿರು ಕಟ್ಟಿದಂತಾಗಿ, ಮುಂದಿನ ಹಬ್ಬಕ್ಕೆ ಬಜಾರ್ ಬಿಟ್ಟು, ಆಮೇಲೆ ಬಸ್ ಬಿಟ್ಟು, ಕೊನೆಗೆ ಒಂಟಿಯಾಗಿ ಹೊಸ್ತಿಲು ದಾಟುವುದನ್ನೇ ಬಿಟ್ಟವರಿದ್ದಾರೆ. ಏನೇನು ಬಿಟ್ಟಿದ್ದೀರಿ ಎಂಬ ಪಟ್ಟಿ ಉದ್ದವಾಗುತ್ತಿದೆಯೇ? ನನ್ನ ಮಟ್ಟಿಗೆ ಯಾವ ಅಂಕಕ್ಕಿಂತಲೂ ನಂಬಬಹುದಾದ ಗುರುತು ಅದೇ.

● ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ದಿನಕ್ಕೆ ಏಳೆಂಟು ಇರಾನಿ ಚಹಾ ಕುಡಿದರೂ ಅಷ್ಟೇ!

● ಆಲ್ಪ್ರಝೋಲಾಮ್ ಮಾತ್ರೆ ‘ಶೆಡ್ಯೂಲ್ ಎಚ್1’ ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ; ಅಂಗಡಿಯವರು ವಿವರ ಬರೆದು ಮೂರು ವರ್ಷ ಇಡಬೇಕು. ಕೆಲವು ವಾರ ಸತತವಾಗಿ ನುಂಗಿದರೆ ಚಟ ಹಿಡಿಯಬಹುದಾದ, ದಿಢೀರನೆ ನಿಲ್ಲಿಸಿದರೆ ಅಪಾಯವಾಗಬಹುದಾದ ಮಾತ್ರೆಯಿದು. ಪಕ್ಕದ ಮನೆಯವರು ಕೊಟ್ಟರೆಂದು ತೆಗೆದುಕೊಳ್ಳುವುದಲ್ಲ. ಆತಂಕಕ್ಕೆ ಮನೋವೈದ್ಯರು ಮೊದಲು ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಈ ರೀತಿ ಚಟ ಹಿಡಿಸುವುದಿಲ್ಲ, ಆದರೆ ಗುಣ ತೋರಲು ಕೆಲವು ವಾರ ಬೇಕು. ‘ಹತ್ತು ದಿನ ತಗೊಂಡೆ, ಏನೂ ಆಗಲಿಲ್ಲ’ ಎಂದು ಬಿಡುವವರು ಬಿಡುವುದು ಸರಿಯಾಗಿ ಈ ನಡುವೆಯೇ. ಮಾತ್ರೆಯಿಲ್ಲದ ಚಿಕಿತ್ಸೆಯೂ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕೂತು, ಹೆದರಿದ ಜಾಗಕ್ಕೇ ಹಂತಹಂತವಾಗಿ ಮರಳುವುದನ್ನು ಕಲಿಯುವುದು.

● ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ 10.6% ಜನರಿಗೆ ಯಾವುದಾದರೊಂದು ಮನೋರೋಗವಿತ್ತು. ಚಿಕಿತ್ಸೆ ಸಿಗದವರ ಪ್ರಮಾಣ ರೋಗಕ್ಕನುಗುಣವಾಗಿ 70ರಿಂದ 92%. ಆ ಸಮೀಕ್ಷೆಯ ಪ್ರಾಯೋಗಿಕ ಸುತ್ತು ನಡೆದದ್ದು ನಮ್ಮ ಕೋಲಾರದಲ್ಲಿ.

● ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ಮಾಡಿ ತೋರಿಸಿದ್ದು ಬಳ್ಳಾರಿ. ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

● ಕೋಠಿಯಲ್ಲಿರುವ ಉಸ್ಮಾನಿಯಾ ವೈದ್ಯಕೀಯ ಕಾಲೇಜಿಗೆ ಸೇರಿದ ಮನೋವೈದ್ಯಕೀಯ ಆಸ್ಪತ್ರೆ ಇರುವುದು ಎರ್ರಗಡ್ಡದಲ್ಲಿ. ಕಾಲೇಜಿನ ಹೆಸರಿನ ಮೆಟ್ರೋ ನಿಲ್ದಾಣದಿಂದ ಎರ್ರಗಡ್ಡ ನಿಲ್ದಾಣಕ್ಕೆ ಕೆಂಪು ಮಾರ್ಗದಲ್ಲಿ ನೇರ ರೈಲಿದೆ, ಗಾಡಿ ಬದಲಿಸಬೇಕಿಲ್ಲ. ಕಷ್ಟವಿರುವುದು ದಾರಿಯಲ್ಲಲ್ಲ. ಮನೋವೈದ್ಯಕೀಯ ಆಸ್ಪತ್ರೆಯಿರುವ ಧಾರವಾಡದ ಹೆಸರನ್ನು ಉತ್ತರ ಕರ್ನಾಟಕದಲ್ಲಿ ಬೈಗುಳ ಮಾಡಿದಂತೆ ಇಲ್ಲಿ ಎರ್ರಗಡ್ಡದ ಹೆಸರನ್ನು ಗೇಲಿ ಮಾಡಿಟ್ಟಿದ್ದೇವೆ. ಎದೆ ಡಬಡಬ ಎನ್ನುವ ಲೆಕ್ಕದ ಮೇಷ್ಟ್ರೊಬ್ಬರಿಗೆ ಆ ನಿಲ್ದಾಣದಲ್ಲಿ ಇಳಿಯಲು ನಾಚಿಕೆ. ಒಂದು ಕೆಟ್ಟ ಜೋಕಿಗೆ ಇಷ್ಟು ದೊಡ್ಡ ಬೆಲೆ.

● 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಯಾದದ್ದು 2018ರ ಮೇ 29ರಂದು. ಅದರ ಪ್ರಕಾರ ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಕೊಡಬೇಕು.

● ಆಸ್ಪತ್ರೆಗೆ ಹೋಗಲು ಮುಜುಗರವಿದ್ದರೆ ಟೆಲಿ ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆ, ಉಚಿತ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ.

● ಮೊದಲ ಭೇಟಿಯಲ್ಲಿ ನಡೆಯುವುದು ಬಹುಪಾಲು ಮಾತುಕತೆ: ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಹೆಚ್ಚು, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ. ಹಳೆಯ ರಿಪೋರ್ಟುಗಳ ಜೊತೆಗೆ, ಅಂಗಡಿಯಿಂದ ನೀವೇ ತಂದು ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ.