ಬಾಗಿಲ ಬಳಿಯ ಕುದುರೆ

ಇಂಗ್ಲಿಷಿನ ‘ಹಾಬ್ಸನ್ಸ್ ಚಾಯ್ಸ್’ ನಮ್ಮ ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಆಗಾಗ ತಲೆಹಾಕುತ್ತದೆ. ಎದುರಿಗಿರುವುದು ಒಂದೇ, ಬೇಕಿದ್ದರೆ ತಗೋ, ಇಲ್ಲದಿದ್ದರೆ ಬಿಡು ಎಂಬ ಸನ್ನಿವೇಶಕ್ಕೆ ಹುಟ್ಟಿದ ಮಾತು ಅದು. ಎರಡೂ ಕಡೆ ಸಂಕಟವಿದ್ದಾಗ ಅದನ್ನು ಬಳಸುವುದು ತಪ್ಪು. ಆ ಪಾಡಿಗೆ ‘ಅತ್ತ ದರಿ, ಇತ್ತ ಪುಲಿ’ ಎಂಬ ನಮ್ಮ ಮಾತೇ ಇದೆ.

ಥಾಮಸ್ ಹಾಬ್ಸನ್ (1544–1631) ಕೇಂಬ್ರಿಜ್‌ನಿಂದ ಲಂಡನ್ನಿಗೆ ಟಪಾಲು, ಸರಕು ಸಾಗಿಸುತ್ತಿದ್ದವನು. ಜೊತೆಗೆ ಕುದುರೆಗಳನ್ನು ಬಾಡಿಗೆಗೂ ಕೊಡುತ್ತಿದ್ದ. ಅವನ ಲಾಯದಲ್ಲಿ 40 ಕುದುರೆಗಳಿದ್ದವೆಂದು 1712ರಲ್ಲಿ ‘ದಿ ಸ್ಪೆಕ್ಟೇಟರ್’ ಪತ್ರಿಕೆ ಬರೆಯಿತು. ಯಾರೇ ಬರಲಿ, ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಒಯ್ಯಬೇಕು. ವಿಶ್ವವಿದ್ಯಾಲಯದ ಹುಡುಗರಿಗೆ ಓಟದಲ್ಲಿ ಮುಂದಿರುವ ಕುದುರೆಗಳೇ ಬೇಕು; ಬೇಡಿದವರಿಗೆಲ್ಲ ಅವನ್ನೇ ಕೊಟ್ಟರೆ ಒಳ್ಳೆಯ ಕುದುರೆ ದುಡಿದು ದುಡಿದು ಸಾಯುತ್ತದೆ. ಸರದಿ ಇದ್ದರೆ ಪ್ರತಿಯೊಂದಕ್ಕೂ ಮೇವು ತಿಂದು ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಹಣವಂತನಿಗೂ ಬಡವನಿಗೂ ಒಂದೇ ನಿಯಮ. 1630ರಲ್ಲಿ ಪ್ಲೇಗ್ ಹಬ್ಬಿ ಅವನ ಲಂಡನ್ ಪ್ರಯಾಣ ನಿಂತಿತು. ಮರುವರ್ಷದ ಆರಂಭದಲ್ಲೇ ತೀರಿಕೊಂಡ. ಆಗ ಕೇಂಬ್ರಿಜ್‌ನಲ್ಲೇ ಓದುತ್ತಿದ್ದ ಕವಿ ಜಾನ್ ಮಿಲ್ಟನ್ ಅವನ ಮೇಲೆ ಎರಡು ಪದ್ಯ ಬರೆದ.

ಹಾಬ್ಸನ್‌ನ ಹಟವನ್ನು ಲೋಕ ನೆನಪಿಟ್ಟುಕೊಂಡಿತು, ಅದರ ಹಿಂದಿದ್ದ ಕರುಣೆಯನ್ನು ಮರೆಯಿತು. ಇದು ನನಗೆ ನೋವಿನ ಸಂಗತಿ. ಆಯ್ಕೆ ಇಲ್ಲವೆಂದ ಮಾತ್ರಕ್ಕೆ ಅನ್ಯಾಯವಾಯಿತೆಂದು ಹೇಳಲಾಗದು. ಆ ಕಟ್ಟುಪಾಡು ಯಾರನ್ನು ಕಾಯುತ್ತಿದೆ, ಬೇಡವೆಂದು ಹೊರಟವನಿಗೆ ಬೇರೆ ದಾರಿ ಇದೆಯೇ ಎಂದು ಕೇಳಬೇಕು. ಹಾಬ್ಸನ್‌ನ ಗಿರಾಕಿ ಕುದುರೆ ಬಿಟ್ಟು ನಡೆದುಹೋಗಬಹುದಿತ್ತು. ಇಂದು ಮೊಬೈಲ್ ಆ್ಯಪ್ ಒಡ್ಡುವ ಪುಟಗಟ್ಟಲೆ ಷರತ್ತಿನ ಕೆಳಗೆ ‘ಒಪ್ಪಿದ್ದೇನೆ’ ಎಂದು ಒತ್ತುವವನಿಗೆ, ಬ್ಯಾಂಕಿನ ಸಾಲಪತ್ರಕ್ಕೆ ಓದದೆ ಸಹಿ ಹಾಕುವವನಿಗೆ, ಬಿಟ್ಟು ನಡೆಯುವುದು ಅಷ್ಟು ಸುಲಭವಲ್ಲ.

ನಮ್ಮ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು 1986ರಲ್ಲೇ ಗುರುತಿಸಿತು. ಸರ್ಕಾರಿ ಒಡೆತನದ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್‌ನಲ್ಲಿ ಒಂದು ನಿಯಮವಿತ್ತು: ಮೂರು ತಿಂಗಳ ನೋಟಿಸ್ ಕೊಟ್ಟರೆ ಸಾಕು, ಕಾಯಂ ನೌಕರನನ್ನೂ ಮನೆಗೆ ಕಳಿಸಬಹುದು. ಸಹಿ ಹಾಕಿ ಒಪ್ಪಿದ್ದಾರಲ್ಲ ಎಂಬ ವಾದ ನಡೆಯಲಿಲ್ಲ. ಸಂಸ್ಥೆಯ ಬಲವೆಷ್ಟು, ಕೆಲಸ ಬೇಕಾದವನ ಬಲವೆಷ್ಟು ಎಂದು ತೂಗಿನೋಡಿದ ನ್ಯಾಯಾಲಯ, ಗತ್ಯಂತರವಿಲ್ಲದೆ ಒಪ್ಪಿಕೊಂಡ ಇಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಹೇಳಿ ನಿಯಮವನ್ನು ಅಸಿಂಧುಗೊಳಿಸಿತು.