ನೀರಡಿಗೆ ಇಳಿದವನ ವಿಳಾಸ ಹೇಳುವ ಬೆಂಡು

ಪೆರ್ನಾಲ್ ರಜೆಗೆ ಶಿವಮೊಗ್ಗ, ಭದ್ರಾವತಿಯ ನಮ್ಮ ಹುಡುಗರು ಗುಂಪು ಕಟ್ಟಿಕೊಂಡು ಹೋಗುವ ಜಾಗಗಳ ಸಾಲಿಗೆ ಈಗ ಮುರ್ಡೇಶ್ವರವೂ ಸೇರಿದೆ. ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ನೇತ್ರಾಣಿ ದ್ವೀಪ. ಮಳೆಗಾಲ ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಅಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಬೆನ್ನಿಗೆ ಸಿಲಿಂಡರ್ ಕಟ್ಟಿ ನೀರೊಳಗೆ ಇಳಿಯುವುದೇ ಅದು.

ಮನೆಯವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಎಷ್ಟು ಆಳ? ಉಸಿರು ಹೇಗೆ? ಎರಡೂ ಸರಿಯೇ. ಆದರೆ ಮೂರನೆಯದು ಯಾರ ಬಾಯಲ್ಲೂ ಬರುವುದಿಲ್ಲ: ಮೇಲೆ ಬಂದಾಗ ದೋಣಿಯವನಿಗೆ ನೀನು ಕಾಣುವುದು ಹೇಗೆ?

ದಡದಲ್ಲಿ ನಿಂತವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಅಲೆ ಎದ್ದಿರುವ ಸಮುದ್ರದಲ್ಲಿ ಮನುಷ್ಯನ ತಲೆ ತೇಲುವ ತೆಂಗಿನಕಾಯಿಯಷ್ಟೇ. ಸ್ವಲ್ಪ ದೂರವಾದರೆ ಅದೂ ಇಲ್ಲ. ನೀರಿನ ಸೆಳೆತ ಡೈವರ್‌ನನ್ನು ಇಳಿದ ಜಾಗದಿಂದ ಎಲ್ಲಿಗೋ ಒಯ್ದಿರುತ್ತದೆ. ಅವನು ಏಳುವ ಜಾಗದ ಮೇಲೆಯೇ ಇನ್ನೊಂದು ದೋಣಿಯ ಎಂಜಿನ್ ತಿರುಗುತ್ತಿರಲೂಬಹುದು.

ಇದಕ್ಕೆ ಇರುವುದೇ ಸರ್ಫೇಸ್ ಮಾರ್ಕರ್ ಬೋಯ್. ನಾವು ಬೆಂಡು ಅಂದರೆ ಸಾಕು. ಕಿತ್ತಳೆ ಬಣ್ಣದ, ಮನುಷ್ಯನೆತ್ತರಕ್ಕೆ ಹತ್ತಿರದ ಉದ್ದನೆಯ ಚೀಲ. ಗಾಳಿ ತುಂಬಿದರೆ ನೀರ ಮೇಲೆ ಕಂಬದ ಹಾಗೆ ನಿಲ್ಲುತ್ತದೆ. ಅದರ ಬುಡಕ್ಕೆ ನೈಲಾನ್ ದಾರ, ದಾರದ ಇನ್ನೊಂದು ತುದಿ ಡೈವರ್ ಕೈಯಲ್ಲಿರುವ ರೀಲ್‌ನಲ್ಲಿ. ಕೆಲವರು ಇದನ್ನು ಮೊದಲಿನಿಂದಲೂ ಎಳೆದುಕೊಂಡೇ ಸಾಗುತ್ತಾರೆ. ಹೆಚ್ಚಿನವರು ಮಡಚಿಟ್ಟುಕೊಂಡು, ಮೇಲೇಳುವ ಹೊತ್ತಿಗೆ ಕೆಳಗಿನಿಂದಲೇ ಗಾಳಿ ತುಂಬಿ ಬಿಡುತ್ತಾರೆ.

ತುಂಬುವುದರಲ್ಲೇ ಇದರ ಕಸುಬು ಇರುವುದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು, 20 ಮೀಟರ್‌ನಲ್ಲಿ ಮೂರು ಪಟ್ಟು. ಅಂದರೆ 10 ಮೀಟರ್‌ನಲ್ಲಿ ಅರ್ಧ ತುಂಬಿದ ಚೀಲ ಮೇಲೆ ಬರುವಷ್ಟರಲ್ಲಿ ತಾನಾಗಿ ಪೂರ್ತಿ ಉಬ್ಬಿರುತ್ತದೆ. ಕೆಳಗೇ ಪೂರ್ತಿ ತುಂಬಿದರೆ ಒಡೆಯಬಾರದೆಂದು ಹೆಚ್ಚುವರಿ ಗಾಳಿ ಬಿಡುವ ವಾಲ್ವ್ ಇಟ್ಟಿರುತ್ತಾರೆ. ಹತ್ತು ಲೀಟರ್ ಗಾಳಿ ತುಂಬಿದ ಬೆಂಡು ಹೆಚ್ಚುಕಡಿಮೆ ಹತ್ತು ಕಿಲೋ ತೂಕವನ್ನು ಎತ್ತಬಲ್ಲದು. ಆ ಹೊತ್ತಿಗೆ ರೀಲ್ ಸಿಕ್ಕಿಕೊಂಡರೆ ಬೆಂಡಿನ ಜೊತೆ ಡೈವರ್ ಕೂಡ ಮೇಲಕ್ಕೆ! ಉಸಿರು ಹಿಡಿದುಕೊಂಡು ಹಾಗೆ ಸರ್ರನೆ ಎದ್ದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಸಾಮಾನ್ಯವಾಗಿ ಹೇಳಿಕೊಡುವುದು ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏಳಬೇಡ, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲು ಅಂತ.

ಆದ್ದರಿಂದ ರೀಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಡು ಬಿಡಬಾರದು. ಕೈಯಲ್ಲೇ ಹಿಡಿಯಬೇಕು, ಸಿಕ್ಕಿಕೊಂಡ ಕೂಡಲೇ ಕೈಬಿಡಬೇಕು. ರೀಲ್ ಹೋದರೆ ಹೋಯ್ತು. ಹಿಡಿಕೆ, ಲಾಕ್ ಇರುವ ದೊಡ್ಡ ರೀಲ್‌ಗಿಂತ ನಡುವೆ ಬೆರಳು ತೂರಿಸುವ ತೂತಿರುವ ಸಾದಾ ಉರುಳೆಯೇ ಎಷ್ಟೋ ಜನರಿಗೆ ಇಷ್ಟ. ಅದರಲ್ಲಿ ಕೆಡುವಂಥದ್ದೇ ಇಲ್ಲ. ದಾರ ಮಾತ್ರ ಆಳಕ್ಕಿಂತ ಉದ್ದ ಬೇಕು, ಸೆಳೆತಕ್ಕೆ ಅದು ಓರೆಯಾಗಿ ಹೋಗುತ್ತದೆ.

ನೇತ್ರಾಣಿಗೆ ಮೊದಲ ಸಲ ಹೋಗುವ ಹುಡುಗ ಇದನ್ನೆಲ್ಲ ಮಾಡಬೇಕಿಲ್ಲ, ಅವನ ಜೊತೆ ಇಳಿಯುವ ತರಬೇತುದಾರ ಮಾಡಬೇಕು. ಕೇಳಬೇಕಾದ್ದು ಅವರನ್ನೇ: ನಿಮ್ಮ ಹತ್ತಿರ ಬೆಂಡು ಇದೆಯಾ? ಎಲ್ಲರೂ ಇಳಿದ ಮೇಲೆ ದೋಣಿಯಲ್ಲಿ ಯಾರಿರುತ್ತಾರೆ? ವಾಪಸ್ ಹೊರಡುವಾಗ ಹೆಸರು ಕೂಗಿ ಲೆಕ್ಕ ಹಾಕುತ್ತೀರಾ? ಕೊನೆಯ ಪ್ರಶ್ನೆ ತಮಾಷೆಯದಲ್ಲ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಲೋನರ್ಗನ್ ಎಂಬ ಅಮೆರಿಕನ್ ದಂಪತಿ ನೀರಲ್ಲಿರುವಾಗಲೇ ದೋಣಿ ಹೊರಟುಹೋಯಿತು. ದೋಣಿಯಲ್ಲಿ ಉಳಿದಿದ್ದ ಅವರ ಚೀಲ ನೋಡಿ ವಿಷಯ ತಿಳಿಯುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಅವರು ಸಿಗಲೇ ಇಲ್ಲ.

ಹಾಗಾದರೆ ನಮ್ಮ ತುಂಗೆ, ಭದ್ರೆಯಲ್ಲಿ? ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದ ಹೊತ್ತಿನ ತುಂಗೆಯಲ್ಲಿ ತೆಳು ದಾರದ ಬೆಂಡು ನಡೆಯದು. ಹರಿವು ಎಳೆದೊಯ್ಯುತ್ತದೆ, ಮರದ ಕೊಂಬೆಗೆ ದಾರ ಸುತ್ತುತ್ತದೆ, ಕೆಂಪು ನೀರಲ್ಲಿ ತನ್ನ ಕೈಯೇ ತನಗೆ ಕಾಣದು. ಅಲ್ಲಿ ಬೇಕಾದ್ದು ದಡದಲ್ಲೋ ದೋಣಿಯಲ್ಲೋ ಒಬ್ಬ ಹಿಡಿದು ನಿಂತಿರುವ ಗಟ್ಟಿ ಹಗ್ಗ. ಅದೂ ಕೆಲವೊಮ್ಮೆ ಸಾಲದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಗಂಗಾವಳಿ ನದಿಗಿಳಿದ ಮುಳುಗು ತಜ್ಞ ಈಶ್ವರ್ ಮಲ್ಪೆ ಅವರ ಹಗ್ಗವೇ ತುಂಡಾಗಿ ಅವರು ಕೊಚ್ಚಿಹೋದರು. ನೌಕಾಪಡೆಯವರು ಎಳೆದು ಉಳಿಸಿದರು. ಮುಳುಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಇಂಥ ನೀರಿಗೆ ಈಜು ಬರುತ್ತದೆ ಅಂತ ಹಾರುವವರನ್ನು ಮನೆಯವರೇ ತಡೆಯಬೇಕು. ಒಬ್ಬನನ್ನು ಎತ್ತಲು ಹೋದ ಅಣ್ಣನೋ ಗೆಳೆಯನೋ ಜೊತೆಗೇ ಹೋದ ಸುದ್ದಿ ಪೇಪರಿನಲ್ಲಿ ನಾವು ಓದುತ್ತಲೇ ಇದ್ದೇವೆ.

ಹಾರುವ ಬದಲು ಎಸೆಯಲು ಒಂದು ಬೆಂಡು ಇರಲಿ. ಕೂಡ್ಲಿಗೋ ಗಾಜನೂರು ಕಡೆಗೋ ಹೋಗುವಾಗ ಬಿರಿಯಾನಿ ಪಾತ್ರೆಯ ಪಕ್ಕದಲ್ಲೇ ಇಡಬಹುದು: ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್, ಅದರ ಹಿಡಿಕೆಗೆ 15-20 ಮೀಟರ್ ಹಳದಿ ಪ್ಲಾಸ್ಟಿಕ್ ಹಗ್ಗ. ಈ ಹಗ್ಗ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಕ್ಯಾನ್‌ನೊಳಗೆ ಒಂದು ಲೋಟ ನೀರು ಬಿಟ್ಟರೆ ಎಸೆಯಲು ತೂಕ ಸಿಗುತ್ತದೆ. ಮುಚ್ಚಳ ಬಿಗಿಯಾಗಿರಲಿ. ಮುಳುಗುತ್ತಿರುವವನನ್ನು ದಾಟಿ ಬೀಳುವಂತೆ ಎಸೆದು, ಹಗ್ಗ ಅವನ ಕೈಗೆ ಸಿಗುವ ಹಾಗೆ ಎಳೆದುಕೊಳ್ಳಿ. ಆಗ ದಡದಲ್ಲಿ ಕೂತುಕೊಳ್ಳಿ ಅಥವಾ ಮಲಗಿಕೊಳ್ಳಿ. ಹಗ್ಗವನ್ನು ನಿಮ್ಮ ಸೊಂಟಕ್ಕೋ ಮಣಿಕಟ್ಟಿಗೋ ಸುತ್ತಿಕೊಳ್ಳಬೇಡಿ. ಇನ್ನೊಬ್ಬರು ಆ ಹೊತ್ತಿಗೆ 112ಕ್ಕೆ ಫೋನ್ ಮಾಡುತ್ತಿರಲಿ.