ಎಳೆ ಕೂಡಿಸುವಲ್ಲಿದೆ ಹುರಿಹಗ್ಗದ ಬಲ

ನೈಲಾನ್ ಬಂದ ಮೇಲೆ ಮನೆಯಲ್ಲಿ ತೆಂಗಿನ ನಾರಿನ ಹುರಿಹಗ್ಗ ಹೊಸೆಯುವವರು ಕಡಿಮೆ. ಆದರೆ ಕರು ಎಳೆದಾಡಿದರೆ ಸಪೂರ ನೈಲಾನ್ ಕುತ್ತಿಗೆಯ ಚರ್ಮ ಕೊಯ್ಯುತ್ತದೆ. ಬಿಸಿಲಲ್ಲೇ ಬಿದ್ದಿದ್ದರೆ ಅದರ ಗಟ್ಟಿತನವೂ ಹೋಗುತ್ತದೆ. ನಮ್ಮ ಹಟ್ಟಿಯ ಕಣ್ಣಿ ಈಗಲೂ ನಾರಿನದ್ದೇ. "ನಾವು ಹೊಸೆದದ್ದು ಬೇಗ ತುಂಡಾಗ್ತದಲ್ಲ ಮಾರಾಯ್ರೇ" ಎನ್ನುವವರ ಹಗ್ಗ ತರಿಸಿ ನೋಡಿದ್ದೇನೆ. ನಾರು ಗಟ್ಟಿಯೇ ಇರುತ್ತದೆ. ಎಳೆ ಕೂಡಿಸಿದ್ದರಲ್ಲಿ ದೋಷ.

ಎರಡೂ ಎಳೆಗಳನ್ನು ಒಂದೇ ದಿಕ್ಕಿಗೆ ತಿರುಚಬೇಕು, ಕೂಡಿಸುವಾಗ ಅದಕ್ಕೆ ವಿರುದ್ಧ ದಿಕ್ಕಿಗೆ. ಆಗ ಎಳೆ ಬಿಚ್ಚಿಕೊಳ್ಳಲು ಹೊರಟಷ್ಟೂ ಜೋಡಿ ಬಿಗಿಯಾಗುತ್ತದೆ. ತೊಡೆಯ ಮೇಲೆ ಹೊಸೆಯುವುದಾದರೆ ಅಂಗೈ ಮುಂದಕ್ಕೆ ತಳ್ಳುವಾಗ ಎಳೆಗಳು ಬೇರೆಬೇರೆಯಾಗಿ ಉರುಳಲಿ. ಒಟ್ಟುಸೇರಿಸಿ ಹಿಂದಕ್ಕೆಳೆದಾಗ ಹುರಿ ಕೂರುತ್ತದೆ. ತಿರುಚಿದ್ದು ಸಾಕೇ? ಒಂದು ಗೇಣು ಎಳೆಯನ್ನು ಮಡಚಿ ಸಡಿಲ ಬಿಡಿ. ತಾನಾಗಿ ಬಿಗಿಯಾಗಿ ಸುತ್ತಿಕೊಂಡರೆ ಸಾಕು. ಒಂದೆರಡು ಸುತ್ತಿಗೇ ನಿಂತರೆ ಇನ್ನೂ ಹೊಸೆಯಿರಿ.

ಹೆಚ್ಚಿನವರ ಕೈ ಕೆಡುವುದು ಬಿಗಿತದಲ್ಲಿ. ಒಂದೆಳೆ ಬಿಗಿ, ಇನ್ನೊಂದು ಸಡಿಲವಾದರೆ, ಕೋಲಿಗೆ ಅಲಸಂಡೆ ಬಳ್ಳಿ ಸುತ್ತಿದ ಹಾಗೆ ಸಡಿಲಿನದ್ದು ಬಿಗಿಯದ್ದನ್ನು ಸುತ್ತುತ್ತದೆ. ನೋಡಲು ದಪ್ಪ ಹಗ್ಗವೇ. ಆದರೆ ದನ ಜಗ್ಗಿದ ಭಾರವೆಲ್ಲ ನೆಟ್ಟಗಿರುವ ಒಂದೇ ಎಳೆಗೆ. ಅದು ತುಂಡಾದರೆ ಇನ್ನೊಂದು ಎಷ್ಟು ಹೊತ್ತು ತಡೆದೀತು? ಬೆಳಗ್ಗೆ ಎದ್ದಾಗ ದನ ನೆರೆಯವರ ಗದ್ದೆಯಲ್ಲಿ! ನಾನು ಎಳೆಗಳ ನಡುವೆ ತೋರುಬೆರಳು ಇಟ್ಟುಕೊಳ್ಳುತ್ತೇನೆ. ಕವೆಗೋಲಿನ ಎರಡು ಕವಲುಗಳಂತೆ ಅವು ಸಮವಾಗಿ ಬಂದು ಸೇರಬೇಕು. ಒಂದೆಳೆ ಹಗ್ಗದ ನೇರಕ್ಕೇ ಬರುತ್ತಿದ್ದರೆ ಅದು ಬಿಗಿಯಾಗಿದೆ ಎಂದರ್ಥ. ಅಲ್ಲೇ ಸಡಿಲಿಸಬೇಕು, ಮುಂದೆ ಹೋದ ಮೇಲೆ ಸರಿಮಾಡಲಾಗುವುದಿಲ್ಲ.

ಎಳೆ ಸಪೂರವಾಗುವ ಮೊದಲೇ ಹೊಸ ನಾರು ಸೇರಿಸಿ. ಎರಡೂ ಎಳೆಗೆ ಒಂದೇ ಜಾಗದಲ್ಲಿ ಮಾತ್ರ ಬೇಡ, ಗೇಣಾದರೂ ಅಂತರವಿರಲಿ. ನೀರು ಚಿಮುಕಿಸಿಕೊಂಡರೆ ನಾರು ಕೈಗೆ ಅಷ್ಟು ಚುಚ್ಚುವುದಿಲ್ಲ. ಹುರಿ ಕೂತಷ್ಟೂ ಉದ್ದ ಕುಗ್ಗುತ್ತದೆ: 10 ಮಾರು ಹಗ್ಗಕ್ಕೆ ನಾನು 13 ಮಾರು ಎಳೆ ಲೆಕ್ಕ ಹಾಕುತ್ತೇನೆ.

ಬಾವಿಯ ಹಗ್ಗಕ್ಕೆ ಮೂರೆಳೆ ಬೇಕು, ಜನವೂ ಬೇಕು. ಒಂದು ತುದಿಯಲ್ಲಿ ಮೂರು ಜನ ಒಂದೊಂದು ಎಳೆಯನ್ನು ಒಂದೇ ದಿಕ್ಕಿಗೆ ತಿರುಚುತ್ತಾರೆ, ಇನ್ನೊಂದು ತುದಿಯಲ್ಲಿ ಒಬ್ಬರು ಮೂರನ್ನೂ ಕೂಡಿಸುವ ದಿಕ್ಕಿಗೆ. ಎಳೆಗಳ ನಡುವೆ ಮೂರು ಗೀರು ಕೊರೆದ ಮರದ ತುಂಡು ಹಿಡಿದು ಸರಿಯುತ್ತಾ ಹೋದರೆ ಹಿಂದೆ ಹಗ್ಗ ಕೂಡಿಕೊಳ್ಳುತ್ತದೆ.

ಮುಗಿದ ಹಗ್ಗದ ಒಂದು ಮಾರನ್ನು ಎರಡು ಕೈಯಲ್ಲಿ ಹಿಡಿದು ಜೋತುಬಿಡಿ. ಉಯ್ಯಾಲೆಯಂತೆ ತೆಪ್ಪಗೆ ನಿಂತರೆ ಸರಿ. ಸುತ್ತಿಕೊಂಡು ಗಂಟಿಕ್ಕಿದರೆ, ಒಂದು ತುದಿ ಮರದ ಕೊಂಬೆಗೆ ಕಟ್ಟಿ ಇಳಿಬಿಡಿ. ತಾನಾಗಿ ತಿರುಗಿ ಸಮವಾಗಲಿ. ಮತ್ತೆ ಒದ್ದೆ ಮಾಡಿ ಎರಡು ಅಡಿಕೆ ಮರದ ನಡುವೆ ಬಿಗಿದು ಒಂದು ರಾತ್ರಿ ಬಿಟ್ಟು, ಗೋಣಿತುಂಡಿನಿಂದ ತಿಕ್ಕಿ ಎದ್ದ ನಾರು ತೆಗೆದರೆ ಕರುವಿನ ಕುತ್ತಿಗೆಗೆ ಕಟ್ಟಬಹುದು.